ಪಂಡಿತಾ ರಮಾಬಾಯಿಯವರ ಜೀವಿತ

ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ವಿದ್ಯಾವತಿಯಾದ ಒಬ್ಬ ಮಹಿಳೆಯ ಚರಿತ್ರೆಯನ್ನು ಬರೆಯುವುದು ವಾಡಿಕೆ. ಅಂಥ ಚರಿತ್ರೆಗಾಗಿ ನಾವು ಸಾಮಾನ್ಯವಾಗಿ ಸಮುದ್ರದಾಚೆಯ ದೇಶಗಳ ಕಡೆಗೆ ನೋಡುತ್ತೇವೆ. ಈ ಸಾರಿ ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಸಹ್ಯಾದ್ರಿಯ ಮೇಲೆ, ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಅರಣ್ಯದಲ್ಲಿ, 1858ನೇ ಇಸವಿ ಏಪ್ರಿಲ್ 23ರಂದು ಒಬ್ಬ ಹೆಣ್ಣುಮಗಳು ಜನಿಸಿದಳು. ಮುಂದೆ ಪಂಡಿತಾ ರಮಾಬಾಯಿ ಎಂಬ ಹೆಸರಿನಿಂದ ಮೂರು ಖಂಡಗಳಲ್ಲಿ ಪ್ರಖ್ಯಾತಳಾದವಳು ಆಕೆಯೇ. ಆಕೆಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ಆಕೆಯ ವಿದ್ಯೆಯು ಎಲ್ಲಿಂದ ಬಂತು, ಆ ವಿದ್ಯೆಗಾಗಿ ಆಕೆಯೂ ಆಕೆಯ ಹೆತ್ತವರೂ ಏನೇನು ತೆತ್ತರು ಎಂಬುದನ್ನು ಬಲ್ಲವರು ಇನ್ನೂ ವಿರಳ. ಮಗಳನ್ನು ಓದಿಸುವ ತಾಯಿತಂದೆಗಳ ಮನಸ್ಸಿನ ಮೂಲೆಯಲ್ಲಿ ಯಾವಾಗಲೂ ಒಂದು ಅಂಜಿಕೆ ಇದ್ದೇ ಇರುತ್ತದೆ. ಓದಿದ ಮಗಳು ನಮ್ಮ ಮಾತಿಗೆ ನಿಲ್ಲುವಳೋ, ತನ್ನದೇ ದಾರಿ ಹಿಡಿಯುವಳೋ ಎಂಬುದೇ ಆ ಅಂಜಿಕೆ. ಇದಕ್ಕೆ ರಮಾಬಾಯಿಯವರ ಜೀವಿತದಲ್ಲಿ ನೇರವಾದ ಉತ್ತರವಿದೆ. ಕೇಳಲಿಕ್ಕೆ ಅದು ಸುಲಭವಾದ ಉತ್ತರವಲ್ಲ.

ಆಕೆಯ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಪೂರ್ವಿಕರ ಊರು ಕಾರ್ಕಳ ಸೀಮೆಯ ಮಾಳ. ಮನೆಮಾತು ಮರಾಠಿ, ನೆರೆಹೊರೆಯ ಮಾತು ಕನ್ನಡ. ಬಾಲ್ಯದಲ್ಲಿಯೇ ಸಂಸ್ಕೃತವನ್ನು ಕಲಿಯಬೇಕೆಂದು ಅವರು ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿ ಸಾಠೆ ಎಂಬ ಪಂಡಿತರ ಶಿಷ್ಯರಾದರು. ಆ ಗುರುಗಳು ಪೇಶ್ವೆ ಎರಡನೆಯ ಬಾಜಿರಾಯನ ಅರಮನೆಗೆ ಹೋಗಿ ರಾಣಿಗೆ ಪಾಠ ಹೇಳುತ್ತಿದ್ದರು. ಒಬ್ಬ ಸ್ತ್ರೀಯ ಬಾಯಿಂದ ಶುದ್ಧವಾದ ಸಂಸ್ಕೃತ ಶ್ಲೋಕಗಳು ಬರುವುದನ್ನು ಕೇಳಿದಾಗ ತರುಣ ಶಿಷ್ಯನಿಗೆ ಆಶ್ಚರ್ಯವೂ ಆನಂದವೂ ಆಯಿತು. ತನ್ನ ಮನೆಯ ಹೆಣ್ಣಿಗೂ ಹೀಗೆಯೇ ಕಲಿಸಬೇಕೆಂಬ ಸಂಕಲ್ಪವು ಅಂದು ಹುಟ್ಟಿತು. ಊರಿಗೆ ಮರಳಿ ಹೆಂಡತಿಗೆ ಪಾಠ ಆರಂಭಿಸಿದರೆ, ಮನೆಯ ಹಿರಿಯರು ಸಮ್ಮತಿಸಲಿಲ್ಲ, ಹೆಂಡತಿಗೂ ಮನಸ್ಸಿರಲಿಲ್ಲ. ಆ ಸಂಕಲ್ಪವು ಹಾಗೆಯೇ ಉಳಿಯಿತು.

ಹೆಂಡತಿಯು ತೀರಿಹೋದ ಮೇಲೆ, ನಡುಪ್ರಾಯವನ್ನು ಮುಟ್ಟಿದ್ದ ಶಾಸ್ತ್ರಿಗಳು ತೀರ್ಥಯಾತ್ರೆಗೆ ಹೋಗಿದ್ದಾಗ ಗೋದಾವರಿಯ ತೀರದಲ್ಲಿ ಒಬ್ಬ ಯಾತ್ರಿಕನ ಪರಿಚಯವಾಯಿತು. ಅವನ ಸಂಗಡ ಹೆಂಡತಿಯೂ ಇಬ್ಬರು ಹೆಣ್ಣುಮಕ್ಕಳೂ ಇದ್ದರು. ಹಿರಿಯಳಿಗೆ ಒಂಬತ್ತು ವರ್ಷ. ಒಂದೇ ದಿನದ ಮಾತುಕತೆಯಲ್ಲಿ ಮದುವೆಯು ಗೊತ್ತಾಗಿ, ಮರುದಿನವೇ ನೆರವೇರಿ, ಆ ಬಾಲೆಯು ಲಕ್ಷ್ಮೀಬಾಯಿ ಎಂಬ ಹೆಸರಿನಿಂದ ನೂರಾರು ಮೈಲು ದೂರದ ನಮ್ಮ ಸೀಮೆಗೆ ಬಂದಳು. ಇಂದು ನಾವು ಈ ಮದುವೆಯನ್ನು ಮೆಚ್ಚುವವರಲ್ಲ. ಆದರೆ ಆ ಗಂಡನು ಆ ಹುಡುಗಿಯನ್ನು ಅಡಿಗೆಯ ಮನೆಗೆ ಮಾತ್ರ ಒಪ್ಪಿಸಲಿಲ್ಲ. ದಿನವೂ ಎದುರಿಗೆ ಕುಳ್ಳಿರಿಸಿ ಸಂಸ್ಕೃತವನ್ನು ಕಲಿಸಿದನು. ಸುದ್ದಿಯು ಹಬ್ಬಿ, ಉಡುಪಿಯಲ್ಲಿ ಮಠದ ಗುರುಗಳ ಮತ್ತು ಪಂಡಿತರ ಎದುರಿನಲ್ಲಿ ಶಾಸ್ತ್ರಿಗಳು ನಿಂತು ಉತ್ತರ ಹೇಳಬೇಕಾಯಿತು. ಅವರು ಶಾಸ್ತ್ರಗಳನ್ನೇ ಆಧಾರವಾಗಿ ತೆಗೆದು, ಸ್ತ್ರೀಯರಿಗೆ ಪುರಾಣ ಕಾವ್ಯಗಳ ವಿದ್ಯೆಯನ್ನು ಕೊಡುವುದು ದೋಷವಲ್ಲವೆಂದು ಸ್ಥಾಪಿಸಿದರು. ಸಭೆಯು ಅವರಿಗೆ ದಂಡನೆ ವಿಧಿಸಲಿಲ್ಲವಾದರೂ, ಊರಿನ ಮಾತು ನಿಲ್ಲಲಿಲ್ಲ.

ಆಗ ಅವರು ಊರನ್ನು ಬಿಟ್ಟು ಗಂಗಾಮೂಲದ ಕಾಡಿಗೆ ಏರಿದರು. ಮೊದಲನೆಯ ರಾತ್ರಿ ತಲೆಯ ಮೇಲೆ ಮಾಡು ಇರಲಿಲ್ಲ. ಕಣಿವೆಯ ಆಚೆಯ ಬದಿಯಲ್ಲಿ ಹುಲಿಯು ಬೆಳಗಿನ ತನಕ ಗರ್ಜಿಸುತ್ತಿತ್ತು. ಬಾಲವಧುವು ಹೊದಿಕೆಯೊಳಗೆ ಮುದುಡಿಕೊಂಡು ನೆಲದ ಮೇಲೆ ನಡುಗುತ್ತಾ ಮಲಗಿದ್ದಳು. ಗಂಡನು ಎಚ್ಚರವಾಗಿ ಕಾವಲು ಕುಳಿತಿದ್ದನು. ಬರಬರುತ್ತಾ ಅಲ್ಲಿ ಮನೆಯಾಯಿತು, ತೋಟವಾಯಿತು, ದೂರದಿಂದ ವಿದ್ಯಾರ್ಥಿಗಳು ಬಂದು ಸೇರಿದರು. ಹುಟ್ಟಿದ ಮಕ್ಕಳಲ್ಲಿ ಶ್ರೀನಿವಾಸ, ಕೃಷ್ಣಾಬಾಯಿ, ರಮಾಬಾಯಿ ಎಂಬ ಮೂವರು ಉಳಿದರು. ರಮಾಬಾಯಿಯೇ ಕಿರಿಯಳು.

ಬಂದವರಿಗೆಲ್ಲಾ ಅನ್ನವಿಕ್ಕುವ ಆಶ್ರಮದ ಖರ್ಚು ಸಾಲವಾಗಿ ಬೆಳೆಯಿತು. ರಮಾಬಾಯಿಯು ಆರು ತಿಂಗಳ ಕೂಸಾಗಿರುವಾಗಲೇ ಕುಟುಂಬವು ಮನೆಯನ್ನು ತೊರೆದು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ತಲೆಯ ಮೇಲೆ ಹೊತ್ತು ಆ ಕೂಸನ್ನು ಘಟ್ಟದಿಂದ ಇಳಿಸಿದರು. ಅಂದಿನಿಂದ ಇಪ್ಪತ್ತು ವರ್ಷಗಳ ತನಕ ಆಕೆಗೆ ನಿಲ್ಲುವ ಮನೆಯೆಂಬುದು ಇರಲಿಲ್ಲ. ಗುಡಿಯ ಜಗಲಿಯ ಮೇಲೋ ನದಿಯ ಘಾಟಿನಲ್ಲೋ ಕುಳಿತು ಪುರಾಣವನ್ನು ಓದುವುದು, ಕೇಳಿದವರು ಕೊಟ್ಟ ಅಕ್ಕಿ ಕಾಸುಗಳಿಂದ ಜೀವಿಸುವುದು, ಮುಂದಿನ ಕ್ಷೇತ್ರಕ್ಕೆ ನಡೆಯುವುದು: ಇದೇ ಅವರ ಜೀವನವಾಯಿತು.

ಆಕೆಯ ಶಾಲೆಯೂ ಈ ದಾರಿಯಲ್ಲಿಯೇ ನಡೆಯಿತು. ತಂದೆಗೆ ವಯಸ್ಸಾಗಿದ್ದುದರಿಂದ ಕಿರಿಯ ಮಗಳ ಪಾಠವನ್ನು ತಾಯಿಯೇ ವಹಿಸಿಕೊಂಡಳು. ಹಗಲೆಲ್ಲಾ ಅಡಿಗೆ, ಅತಿಥಿ, ಪ್ರಯಾಣ. ಬಿಡುವು ಸಿಕ್ಕುವುದು ಬೆಳಗಿನ ಜಾವದಲ್ಲಿ ಮಾತ್ರ. ಹಕ್ಕಿಗಳು ಕೂಗುವುದಕ್ಕೆ ಆರಂಭಿಸುವ ಹೊತ್ತಿಗೆ, ನೆಲದ ಮೇಲೆ ಮಲಗಿದ್ದ ನಿದ್ದೆಗಣ್ಣಿನ ಮಗುವನ್ನು ತಾಯಿಯು ಮೆಲ್ಲನೆ ಎತ್ತಿ, ಮುದ್ದಿಸಿ ಎಚ್ಚರಿಸಿ, ಶ್ಲೋಕಗಳನ್ನು ಹೇಳಿಕೊಡುತ್ತಿದ್ದಳು. ಪುಸ್ತಕವಿಲ್ಲ, ಹಲಗೆಯಿಲ್ಲ, ತಾಯಿಯ ತುಟಿಗಳೇ ಪುಸ್ತಕ. ಎಂಟನೆಯ ವಯಸ್ಸಿನಿಂದ ಹದಿನೈದನೆಯ ವಯಸ್ಸಿನ ತನಕ ಹೀಗೆ ನಡೆದ ಪಾಠದಿಂದ ಭಾಗವತವೂ ಗೀತೆಯೂ ಅಮರಕೋಶವೂ ವ್ಯಾಕರಣವೂ ಆಕೆಯ ಕಂಠದಲ್ಲಿ ನೆಲೆಸಿದವು. ಅಕ್ಕನ ಬಾಲ್ಯವಿವಾಹವು ದುಃಖದಲ್ಲಿ ಮುಗಿದುದನ್ನು ಕಂಡಿದ್ದ ಹೆತ್ತವರು ಈ ಮಗಳನ್ನು ಚಿಕ್ಕಂದಿನಲ್ಲಿ ಮದುವೆ ಮಾಡಿಕೊಡಲಿಲ್ಲ. ಆ ಕಾಲದಲ್ಲಿ ಇದೂ ಒಂದು ದೊಡ್ಡ ಸಾಹಸವೇ.

ಬಳಿಕ ದಕ್ಷಿಣ ದೇಶಕ್ಕೆ ಬರ ಬಂತು. ಪುರಾಣ ಕೇಳುವವರಿಗೇ ಅನ್ನವಿಲ್ಲದಾಗ ಪುರಾಣ ಹೇಳುವವರಿಗೆ ಯಾರು ಕೊಡುವರು? ಇದ್ದ ಬಟ್ಟೆ, ಪಾತ್ರೆ, ಒಡವೆಗಳು ಮಾರಿಹೋದವು. ದೇವರ ಹೆಸರಿನಲ್ಲಿ ದಾನಗಳನ್ನು ಮಾಡಿದರು, ಉಪವಾಸಗಳನ್ನು ಮಾಡಿದರು; ಕೊನೆಗೆ ಕಾಡಿನ ಎಲೆಗಳನ್ನು ತಿಂದು ದಿನಗಳನ್ನು ಕಳೆದರು. 1874ರಲ್ಲಿ ತಂದೆಯು ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿಯೂ ರಾಯಚೂರಿನಲ್ಲಿ ಕಣ್ಣುಮುಚ್ಚಿದಳು. ಹೊರುವುದಕ್ಕೆ ಸಾಕಷ್ಟು ಜನರು ದೊರಕಲಿಲ್ಲ. ಮಗಳು ತಾನೂ ಚಟ್ಟಕ್ಕೆ ಹೆಗಲು ಕೊಡಲು ಹೋದಳು. ಎತ್ತರ ಸಾಲದೆ ತಲೆಯ ಮೇಲೆಯೇ ಹೊತ್ತು ನಡೆದಳು. ತನಗೆ ಬೆಳಗಿನ ಜಾವದಲ್ಲಿ ವಿದ್ಯೆಯನ್ನು ಕೊಟ್ಟ ತಾಯಿಯನ್ನು ಆಕೆಯು ಹೀಗೆ ಕಳುಹಿಸಿಕೊಟ್ಟಳು. ಅಕ್ಕನೂ ಹೆಚ್ಚು ಕಾಲ ಉಳಿಯಲಿಲ್ಲ.

ಅಣ್ಣತಂಗಿಯರಿಬ್ಬರು ಉಳಿದರು. ಅವರು ಬರಿಗಾಲಿನಲ್ಲಿ ಸಾವಿರಾರು ಮೈಲು ನಡೆದು ಕಾಶ್ಮೀರದ ತನಕ ಹೋದರು. ಪಂಜಾಬಿನಲ್ಲಿ ಝೇಲಂ ನದಿಯ ತೀರದಲ್ಲಿ, ಹೊದೆಯಲು ಬಟ್ಟೆಯಿಲ್ಲದೆ, ಒಣಮರಳಿನಲ್ಲಿ ಗುಂಡಿ ತೋಡಿ ಮೈಮೇಲೆ ಮರಳನ್ನು ಎಳೆದುಕೊಂಡು ಚಳಿಯನ್ನು ಕಳೆದ ರಾತ್ರಿಗಳಿದ್ದವು. ದೇಶದ ಉದ್ದಕ್ಕೂ ಹೆಂಗಸರ ಸ್ಥಿತಿಯನ್ನು, ವಿಶೇಷವಾಗಿ ಬಾಲವಿಧವೆಯರ ಸ್ಥಿತಿಯನ್ನು, ಅವರು ಗುಡಿಯ ಬಾಗಿಲುಗಳಲ್ಲಿಯೂ ಛತ್ರಗಳಲ್ಲಿಯೂ ಹತ್ತಿರದಿಂದ ಕಂಡರು.

1878ರಲ್ಲಿ ಈ ಇಬ್ಬರು ಕಲ್ಕತ್ತೆಗೆ ಬಂದು ಸೇರಿದರು. ಇಪ್ಪತ್ತು ವರ್ಷದ ಅವಿವಾಹಿತ ಕನ್ಯೆಯೊಬ್ಬಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುತ್ತಾಳೆಂಬ ಸುದ್ದಿಯು ನಗರದಲ್ಲಿ ಹಬ್ಬಿತು. ಪಂಡಿತರು ಸಭೆ ಸೇರಿ ಆಕೆಯನ್ನು ಪರೀಕ್ಷಿಸಿದರು. ಕೊನೆಯಲ್ಲಿ ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದುಗಳನ್ನು ಕೊಟ್ಟು ಗೌರವಿಸಿದರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ಒಂದು ವೇದಗ್ರಂಥವನ್ನು ಆಕೆಯ ಕೈಗಿತ್ತು ಓದಲು ಹೇಳಿದರು. ಹೆಣ್ಣಿಗೆ ನಿಷಿದ್ಧವೆಂದು ಆಕೆಯ ತಂದೆಯೂ ಕಲಿಸದೆ ಬಿಟ್ಟಿದ್ದ ಗ್ರಂಥವದು. ಪರದೆಯ ಹೆಂಗಸರಿಗೆ ಸ್ತ್ರೀಧರ್ಮವನ್ನು ಬೋಧಿಸಬೇಕೆಂದು ಜನರು ಕೇಳಿಕೊಂಡಾಗ ಆಕೆಯು ಧರ್ಮಶಾಸ್ತ್ರಗಳನ್ನು ಓದತೊಡಗಿದಳು. ಓದಿದಷ್ಟೂ ಸಂಶಯವು ಬೆಳೆಯಿತು. ಇತರ ವಿಷಯಗಳಲ್ಲಿ ಭಿನ್ನಾಭಿಪ್ರಾಯವಿದ್ದ ಶಾಸ್ತ್ರಕಾರರು ಹೆಂಗಸರನ್ನೂ ಶೂದ್ರರನ್ನೂ ಕೀಳಾಗಿ ಎಣಿಸುವ ಒಂದು ವಿಷಯದಲ್ಲಿ ಮಾತ್ರ ಒಂದೇ ದನಿಯಾಗಿದ್ದಾರೆಂದು ಆಕೆಗೆ ತೋರಿತು. ತಾಯಿಯು ಕಲಿಸಿದ ಸಂಸ್ಕೃತವೇ ಆಕೆಯನ್ನು ಈ ಪ್ರಶ್ನೆಯ ಎದುರಿಗೆ ತಂದು ನಿಲ್ಲಿಸಿತು.

1880ರಲ್ಲಿ ಅಣ್ಣನು ಢಾಕಾ ನಗರದಲ್ಲಿ ತೀರಿಹೋದನು. ಅದೇ ವರ್ಷ ಜೂನ್ 13ರಂದು ರಮಾಬಾಯಿಯವರು ಬಿಪಿನ್ ಬಿಹಾರಿ ದಾಸ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಸರಕಾರೀ ಕಾನೂನಿನ ಮೇರೆಗೆ ವಿವಾಹವಾದರು. ಜಾತಿ ಬೇರೆ, ಭಾಷೆ ಬೇರೆ, ಪ್ರಾಂತ ಬೇರೆ. ಇಬ್ಬರ ಕಡೆಯವರೂ ಒಪ್ಪಲಿಲ್ಲ. ಅಸ್ಸಾಮಿನ ಸಿಲ್ಚರಿನಲ್ಲಿ ಅವರ ಸಂಸಾರವು ಸುಖವಾಗಿ ನಡೆಯಿತು. 1881ರ ಏಪ್ರಿಲಿನಲ್ಲಿ ಹುಟ್ಟಿದ ಮಗಳಿಗೆ ಮನೋರಮೆಯೆಂದು ಹೆಸರಿಟ್ಟರು. ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆಯು ರಮಾಬಾಯಿಯವರಿಗೆ ಮೊದಲು ದೊರಕಿದ್ದು ಇಲ್ಲಿಯೇ. ಮಗುವಿಗೆ ವರ್ಷ ತುಂಬುವುದರೊಳಗೆ, 1882ರ ಫೆಬ್ರವರಿಯಲ್ಲಿ, ಕಾಲರಾ ಬೇನೆಯಿಂದ ಗಂಡನು ಮರಣಹೊಂದಿದನು. ಇಪ್ಪತ್ತಮೂರು ವರ್ಷಗಳಲ್ಲಿ ರಮಾಬಾಯಿಯವರು, ತಾವು ಯಾರಿಗಾಗಿ ಮರುಗುತ್ತಿದ್ದರೋ ಆ ವಿಧವೆಯರಲ್ಲಿ ಒಬ್ಬರಾದರು.

ಕೂಸನ್ನೆತ್ತಿಕೊಂಡು ಅವರು ಪುಣೆಗೆ ಬಂದರು. ರಾನಡೆಯವರೇ ಮೊದಲಾದ ಸುಧಾರಕರು ಅವರನ್ನು ಆದರದಿಂದ ಬರಮಾಡಿಕೊಂಡರು. ಅದೇ ವರ್ಷ ಅವರು ಆರ್ಯಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಧರ್ಮನೀತಿ ಎಂಬ ಮರಾಠಿ ಗ್ರಂಥವನ್ನು ಬರೆದು ಪ್ರಕಟಿಸಿದರು. ವಿದ್ಯಾಭ್ಯಾಸದ ವಿಚಾರಣೆಗಾಗಿ ಸರಕಾರವು ನೇಮಿಸಿದ್ದ ಹಂಟರ್ ಆಯೋಗವು ಪುಣೆಗೆ ಬಂದಾಗ ಅದರ ಮುಂದೆ ಸಾಕ್ಷಿ ಹೇಳಿದರು. ಹೆಣ್ಣುಮಕ್ಕಳ ಶಾಲೆಗಳಿಗೆ ಶಿಕ್ಷಣ ಪಡೆದ ಅಧ್ಯಾಪಕಿಯರು ಬೇಕು; ನಮ್ಮ ಹೆಂಗಸರು ಗಂಡಸು ವೈದ್ಯರಿಗೆ ಮೈತೋರಿಸಲಾರದೆ ಸಾಯುತ್ತಿರುವುದರಿಂದ ಹೆಂಗಸರಿಗೆ ವೈದ್ಯಶಾಸ್ತ್ರವನ್ನು ಕಲಿಸಬೇಕು. ಇವೇ ಅವರ ಬೇಡಿಕೆಗಳು. ಇಂದು ಇವು ಸಾಮಾನ್ಯವೆಂದು ತೋರಬಹುದು. ಅಂದು ಹಾಗೆ ನಿಂತು ಹೇಳಲಿಕ್ಕೆ ಒಬ್ಬ ಹೆಂಗಸೂ, ಅದರಲ್ಲಿಯೂ ವಿಧವೆಯೂ, ಹೊರಟದ್ದೇ ಒಂದು ನಡುಕ.

ತಾವೇ ವೈದ್ಯಶಾಸ್ತ್ರವನ್ನು ಕಲಿಯಬೇಕೆಂಬ ಹಂಬಲದಿಂದ 1883ರಲ್ಲಿ ರಮಾಬಾಯಿಯವರು ಪುಟ್ಟ ಮಗಳೊಂದಿಗೆ ಇಂಗ್ಲೆಂಡಿಗೆ ಹೋದರು. ಹಡಗಿನ ಖರ್ಚಿಗೆ ಸ್ತ್ರೀಧರ್ಮನೀತಿಯ ಮಾರಾಟದ ಹಣವೇ ಒದಗಿತು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರು ಅವರಿಗೆ ಆಶ್ರಯಕೊಟ್ಟರು. ಆ ಸಹೋದರಿಯರು ನಡೆಯಿಸುತ್ತಿದ್ದ ಒಂದು ಮನೆಯಲ್ಲಿ, ಸಮಾಜವು ಹೊರಗೆ ಹಾಕಿದ ಹೆಂಗಸರನ್ನು ಮರಳಿ ಮನುಷ್ಯರನ್ನಾಗಿ ಕಂಡು ಉಪಚರಿಸುವುದನ್ನು ರಮಾಬಾಯಿಯವರು ನೋಡಿದರು. ಅಂಥವರಿಗೆ ಕ್ಷಮೆಯೂ ಸ್ಥಳವೂ ಉಂಟೆಂಬುದು ಅವರ ಮನಸ್ಸನ್ನು ಬಹಳವಾಗಿ ಕಲಕಿತು. 1883ರ ಸೆಪ್ಟೆಂಬರ್ 29ರಂದು ಅವರೂ ಮಗಳೂ ದೀಕ್ಷಾಸ್ನಾನ ಹೊಂದಿದರು. ಕಿವಿಯ ಶಕ್ತಿಯು ಕುಂದುತ್ತಾ ಬಂದುದರಿಂದ ವೈದ್ಯಶಾಸ್ತ್ರದ ಆಶೆಯು ಮಾತ್ರ ಕೈಗೂಡಲಿಲ್ಲ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಅವರು ಸಂಸ್ಕೃತವನ್ನು ಕಲಿಸುತ್ತಾ ಇಂಗ್ಲಿಷ್, ಗಣಿತ ಮೊದಲಾದವುಗಳನ್ನು ಕಲಿತರು.

ಇಲ್ಲಿ ನಾವು ಒಂದು ಸಂಗತಿಯನ್ನು ಮರೆಮಾಡಬಾರದು. ದೀಕ್ಷೆ ಹೊಂದಿದ ಮಾತ್ರಕ್ಕೆ ರಮಾಬಾಯಿಯವರು ಪ್ರಶ್ನೆ ಕೇಳುವುದನ್ನು ಬಿಟ್ಟವರಲ್ಲ. ವಾಂಟೇಜಿನ ಸಿಸ್ಟರ್ ಜೆರಾಲ್ಡೀನರಿಗೂ ಅವರಿಗೂ ವರ್ಷಗಳ ಕಾಲ ಪತ್ರಗಳ ಮೂಲಕ ಸಂವಾದ ನಡೆಯಿತು. ಸಭೆಯ ಹಿರಿಯರು ಹೇಳಿದರೆಂಬ ಒಂದೇ ಕಾರಣಕ್ಕೆ ಯಾವ ಬೋಧೆಯನ್ನೂ ಒಪ್ಪಲಾರೆ, ಸತ್ಯವೇದವನ್ನು ಸ್ವತಃ ಓದಿ ಮನಸ್ಸಾಕ್ಷಿಗೆ ತಿಳಿದದ್ದನ್ನೇ ನಂಬುವೆನು ಎಂಬುದು ಅವರ ನಿಲುವು. ಶಿಲುಬೆಯ ಮೇಲಣ ಬರಹಕ್ಕೆ ಲ್ಯಾಟಿನ್ ಬದಲಾಗಿ ಸಂಸ್ಕೃತವೇ ಏಕಾಗಬಾರದೆಂದು ಅವರು ಕೇಳಿದರು. ಕೊನೆಯ ತನಕ ಶಾಕಾಹಾರಿಯಾಗಿಯೇ ಉಳಿದರು. ಗಂಡಸು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಮಾತು ಬಂದಾಗ, ಭಾರತದಲ್ಲಿದ್ದ ಬಿಷಪ್ಪರು ಅದು ತಕ್ಕದ್ದಲ್ಲವೆಂದು ತಡೆದರು. ತಮ್ಮ ತಂದೆಯ ಕಾಲದಿಂದಲೂ ಪಂಡಿತರ ಸಭೆಗಳಲ್ಲಿ ಗಂಡಸರ ಎದುರಿಗೆ ಮಾತನಾಡಿ ಬಂದವರಿಗೆ ಈ ಸಂಕೋಚವು ಅರ್ಥವಾಗಲೇ ಇಲ್ಲ. ಕಾಲೇಜಿನ ಮುಖ್ಯಾಧ್ಯಾಪಿಕೆ ಡೊರೊಥಿಯಾ ಬೀಲ್ ಎಂಬವರು, ಈ ಸ್ತ್ರೀಯ ಪ್ರಶ್ನೆಗಳು ಅಹಂಕಾರದಿಂದ ಹುಟ್ಟಿದವಲ್ಲವೆಂದು ತಿಳಿದು, ತಾಳ್ಮೆಯಿಂದ ಉತ್ತರ ಕೊಡುತ್ತಾ ಬಂದರು. ಒಳ್ಳೆಯ ಅಧ್ಯಾಪಿಕೆಯ ಲಕ್ಷಣವು ಇದೇ ಅಲ್ಲವೇ?

1886ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಿಂದ ಅವರಿಗೆ ಕರೆ ಬಂತು. ಅವರ ದೂರದ ಬಂಧುವಾದ ಆನಂದೀಬಾಯಿ ಜೋಶಿಯವರು ಅಲ್ಲಿನ ಮಹಿಳಾ ವೈದ್ಯ ಕಾಲೇಜಿನಲ್ಲಿ ಪದವಿಯನ್ನು ಪಡೆಯುವವರಿದ್ದರು. ಮಾರ್ಚ್ 11ರ ಆ ಸಮಾರಂಭದಲ್ಲಿ, ಒಬ್ಬರು ಹಿಂದೂ ಆಗಿಯೇ ಉಳಿದ ವೈದ್ಯೆ, ಮತ್ತೊಬ್ಬರು ಕ್ರೈಸ್ತರಾದ ಪಂಡಿತೆ, ಇಬ್ಬರೂ ಮಹಾರಾಷ್ಟ್ರದ ಸೀರೆಯುಟ್ಟು ಒಂದೇ ಸಂತೋಷದಲ್ಲಿ ಭಾಗಿಗಳಾದರು. ಮತವು ಅವರ ಸ್ನೇಹಕ್ಕೆ ಅಡ್ಡವಾಗಲಿಲ್ಲ. ಆನಂದೀಬಾಯಿಯವರು ಮರುವರ್ಷದ ಫೆಬ್ರವರಿಯಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ಪುಣೆಯಲ್ಲಿ ತೀರಿಕೊಂಡರು. ಒಬ್ಬಳೇ ಒಬ್ಬ ವೈದ್ಯೆಯನ್ನೂ ಉಳಿಸಿಕೊಳ್ಳಲಾರದ ದೇಶಕ್ಕೆ ನೂರು ಮಂದಿ ಬೇಕೆಂಬುದು ರಮಾಬಾಯಿಯವರಿಗೆ ಆಗ ಇನ್ನಷ್ಟು ಸ್ಪಷ್ಟವಾಯಿತು.

ಆ ಕಾಲೇಜಿನ ಮುಖ್ಯಸ್ಥೆ ರೇಚಲ್ ಬಾಡ್ಲಿ, ಮದ್ಯಪಾನದ ವಿರುದ್ಧ ಹೋರಾಡುತ್ತಿದ್ದ ಫ್ರಾನ್ಸಿಸ್ ವಿಲ್ಲರ್ಡ್ ಮೊದಲಾದ ಮಹಿಳೆಯರ ಸಹವಾಸದಿಂದ, ಹೆಂಗಸರು ತಾವೇ ಸಂಘಟಿತರಾಗಿ ಹಣ ಕೂಡಿಸಿ ಸಂಸ್ಥೆಗಳನ್ನು ನಡೆಯಿಸುವ ಬಗೆಯನ್ನು ರಮಾಬಾಯಿಯವರು ಕಂಡುಕೊಂಡರು. ಶಿಶುವಿಹಾರದ ಶಿಕ್ಷಣಕ್ರಮವನ್ನು ಅಭ್ಯಾಸಮಾಡಿದರು. 1887ರಲ್ಲಿ ಉಚ್ಚಜಾತಿಯ ಹಿಂದೂ ಸ್ತ್ರೀಯರನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿ, ಅದನ್ನು ತಾಯಿಯಾದ ಲಕ್ಷ್ಮೀಬಾಯಿಯ ನೆನಪಿಗೆ ಅರ್ಪಿಸಿದರು. ರಾಯಚೂರಿನ ಬರದಲ್ಲಿ ಚಟ್ಟಕ್ಕೆ ಹೊರುವವರಿಲ್ಲದೆ ಹೋದ ಆ ತಾಯಿಯ ಹೆಸರನ್ನು ಸಾವಿರಾರು ಮನೆಗಳಲ್ಲಿ ಜನರು ಓದಿದರು. ಅದೇ ವರ್ಷದ ಕೊನೆಯಲ್ಲಿ ಬಾಸ್ಟನ್ ನಗರದಲ್ಲಿ ಒಂದು ಸಂಘವು ಏರ್ಪಟ್ಟು, ಭಾರತದಲ್ಲಿ ವಿಧವೆಯರಿಗಾಗಿ ಶಾಲೆಯನ್ನು ತೆರೆದರೆ ಹತ್ತು ವರ್ಷಗಳ ಕಾಲ ಧನಸಹಾಯ ಮಾಡುವುದಾಗಿ ಮಾತುಕೊಟ್ಟಿತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಲ್ಪಟ್ಟಿತು. ಮೊದಲನೆಯ ದಿನಗಳಲ್ಲಿ ಇದ್ದ ವಿಧವಾ ವಿದ್ಯಾರ್ಥಿನಿ ಒಬ್ಬಳೇ. ಗೋದೂಬಾಯಿಯೆಂಬ ಆಕೆಯೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾದವಳು. ಕರ್ವೆಯವರು 1896ರಲ್ಲಿ ವಿಧವೆಯರ ಆಶ್ರಮವನ್ನೂ 1916ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯವನ್ನೂ ಸ್ಥಾಪಿಸಿದುದನ್ನು ಲೋಕವು ಬಲ್ಲದು. ಒಂದು ದೀಪದಿಂದ ಇನ್ನೊಂದು ದೀಪವು ಹೀಗೆ ಹತ್ತಿತು. 1889ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ಸಿನ ಅಧಿವೇಶನದಲ್ಲಿ ಪ್ರತಿನಿಧಿಗಳಾಗಿದ್ದ ಕೆಲವೇ ಮಹಿಳೆಯರಲ್ಲಿ ರಮಾಬಾಯಿಯವರೂ ಒಬ್ಬರು. 1890ರಲ್ಲಿ ಸದನವು ಪುಣೆಗೆ ಸ್ಥಳಾಂತರವಾಯಿತು.

ಈಗ ನಾವು ತಾಯಿತಂದೆಗಳು ಕಿವಿಗೊಟ್ಟು ಕೇಳಬೇಕಾದ ಭಾಗಕ್ಕೆ ಬಂದಿದ್ದೇವೆ. ಶಾರದಾ ಸದನದಲ್ಲಿ ಮತಬೋಧೆಯಿಲ್ಲವೆಂಬ ನಿಯಮವಿತ್ತು. ಹಿಂದೂ ಹುಡುಗಿಯರು ತಮ್ಮ ಆಚಾರಗಳನ್ನು ನಡೆಯಿಸಿಕೊಳ್ಳಬಹುದಿತ್ತು. ಸುಧಾರಕರಾದ ಹಿಂದೂ ಮಹನೀಯರು ಸಲಹೆಗಾರರಾಗಿದ್ದರು. ರಮಾಬಾಯಿಯವರು ಮುಂಜಾನೆ ತಮ್ಮ ಕೊಠಡಿಯಲ್ಲಿ ಮಗಳೊಂದಿಗೆ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ತಾಯಿಯ ಪ್ರೀತಿಯನ್ನು ಅವರಲ್ಲಿ ಕಂಡಿದ್ದ ಕೆಲವು ಹುಡುಗಿಯರು ತಾವಾಗಿಯೇ ಬಂದು ಕುಳಿತುಕೊಳ್ಳತೊಡಗಿದರು. ಈ ಸುದ್ದಿಯು ಹೊರಬಿದ್ದಾಗ ಪುಣೆಯಲ್ಲಿ ದೊಡ್ಡ ಕೋಲಾಹಲವಾಯಿತು. ತಿಲಕರ ಕೇಸರಿ ಪತ್ರಿಕೆಯು ಕಠಿಣವಾಗಿ ಬರೆಯಿತು. 1893ರಲ್ಲಿ ರಾನಡೆ, ಭಾಂಡಾರ್ಕರ್ ಮುಂತಾದ ಸ್ನೇಹಿತರೇ ಸಲಹಾಮಂಡಲಿಯನ್ನು ಬಿಟ್ಟರು. ಅನೇಕ ಪೋಷಕರು ತಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದರು.

ಈ ವಿವಾದದಲ್ಲಿ ತಪ್ಪೆಲ್ಲವೂ ಒಂದೇ ಪಕ್ಷದ್ದೆಂದು ನಾವು ಹೇಳಲಾರೆವು. ಮಗಳನ್ನು ಪರರ ಮನೆಯಲ್ಲಿ ಬಿಟ್ಟ ತಂದೆಯ ಕಳವಳವು ನಿಜವಾದದ್ದು. ಕೊಟ್ಟ ಮಾತು ಉಳಿಯಬೇಕೆಂದು ಅವನು ಕೇಳಿದ್ದು ನ್ಯಾಯ. ಬಾಗಿಲನ್ನು ಮುಚ್ಚಿಕೊಂಡು ಕಳ್ಳತನದಿಂದ ಪ್ರಾರ್ಥಿಸಲಾರೆನೆಂದು ರಮಾಬಾಯಿಯವರು ಹಟಹಿಡಿದದ್ದೂ ಅವರ ಸ್ವಭಾವಕ್ಕೆ ತಕ್ಕದ್ದು. ಮುಂದೆ ಅವರ ಸಂಸ್ಥೆಯು ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯೇ ಆಯಿತು. ಮೊದಲಿನ ನಿಯಮವು ಉಳಿಯಲಿಲ್ಲ. ಇದರಿಂದ ಹಳೆಯ ಸ್ನೇಹಿತರಿಗೆ ಆದ ನೋವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಗದ್ದಲದಲ್ಲಿ ಒಂದು ಮಾತನ್ನು ಎರಡು ಪಕ್ಷದವರೂ ಮರೆತಿದ್ದರು. ಆ ಹುಡುಗಿಯರ ಮನಸ್ಸು ಏನೆಂದು ಯಾರೂ ಕೇಳಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ತಲೆಬೋಳಿಸಿ ಮೂಲೆಗೆ ಕೂರಿಸುವಾಗಲೂ ಕೇಳಿರಲಿಲ್ಲ. ಶಾಲೆಯಿಂದ ಎಳೆದುಕೊಂಡು ಹೋಗುವಾಗಲೂ ಕೇಳಲಿಲ್ಲ.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರವಾದ ಬರ ಬಂತು. ಸುದ್ದಿಯನ್ನು ಓದಿದ ರಮಾಬಾಯಿಯವರಿಗೆ ತಾವು ಎಲೆಗಳನ್ನು ತಿಂದ ದಿನಗಳು ನೆನಪಾದವು. ತಾವೇ ಹೋಗಿ, ಹಸಿದ ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದರು. ಕೆಲವು ತಿಂಗಳಲ್ಲಿ ಅವರ ಸಂಖ್ಯೆ ಸುಮಾರು 300 ಆಯಿತು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದುದರಿಂದ ಅವರನ್ನು ನಗರದಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಪುಣೆಯಿಂದ ಸುಮಾರು ಮೂವತ್ತನಾಲ್ಕು ಮೈಲು ದೂರದ ಕೇಡಗಾಂವಿನಲ್ಲಿ, ತೋಟಕ್ಕಾಗಿ ಮೊದಲೇ ಕೊಂಡಿದ್ದ ಭೂಮಿಯಲ್ಲಿ, ಗುಡಿಸಲುಗಳನ್ನು ಹಾಕಿಸಿದರು. ಮುಕ್ತಿ ಸದನವು ಹುಟ್ಟಿದ್ದು ಹೀಗೆ. ಪ್ಲೇಗಿನ ಆಸ್ಪತ್ರೆಗಳಲ್ಲಿ ಹೆಂಗಸರಿಗೆ ಆಗುತ್ತಿದ್ದ ಅವಮಾನವನ್ನು ಕುರಿತು ಅವರು 1897ರಲ್ಲಿ ಪತ್ರಿಕೆಯಲ್ಲಿ ನಿರ್ಭಯವಾಗಿ ಬರೆದರು. ಕ್ರೈಸ್ತರಾದುದರಿಂದ ಸರಕಾರದ ತಪ್ಪನ್ನು ಮುಚ್ಚಿಡಬೇಕೆಂದು ಅವರಿಗೆ ತೋರಲಿಲ್ಲ.

1900ರಲ್ಲಿ ಗುಜರಾತಿನ ಬರದಿಂದ ಇನ್ನಷ್ಟು ಮಂದಿ ಬಂದರು. ಮುಕ್ತಿಯಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಏರಿತು. ಅಲ್ಲಿ ಯಾರೂ ಸುಮ್ಮನೆ ಕೂಳು ತಿನ್ನುವವರಾಗಿರಲಿಲ್ಲ. ನೇಯ್ಗೆ, ಹೊಲಿಗೆ, ಹೈನು, ಎಣ್ಣೆಯ ಗಾಣ, ತೋಟದ ಕೆಲಸ, ಅಧ್ಯಾಪನ, ರೋಗಿಗಳ ಶುಶ್ರೂಷೆ, ಒಬ್ಬೊಬ್ಬರಿಗೂ ಒಂದೊಂದು ಕಸುಬು. ಅಚ್ಚುಕೂಟದಲ್ಲಿ ಮೊಳೆಗಳನ್ನು ಜೋಡಿಸುವವರೂ ಹೆಂಗಸರೇ. ಕುರುಡರಿಗಾಗಿ ಒಂದು ವಿಭಾಗವಿತ್ತು. ಅಮೆರಿಕದಲ್ಲಿ ಓದಿಬಂದಿದ್ದ ಮನೋರಮಾಬಾಯಿಯು ಉಬ್ಬಕ್ಷರಗಳನ್ನು ಅವರ ಬೆರಳುಗಳಿಗೆ ಕಲಿಸಿದಳು. 1912ರಲ್ಲಿ, ಆಗ ನಿಜಾಮರ ಸೀಮೆಗೆ ಸೇರಿದ್ದ ಗುಲಬರ್ಗದಲ್ಲಿ ಇವರು ಒಂದು ಹೈಸ್ಕೂಲನ್ನು ತೆರೆದರು. ಮನೋರಮೆಯೇ ಅದರ ಮುಖ್ಯಾಧ್ಯಾಪಿಕೆಯಾದಳು. ಕನ್ನಡನಾಡಿನಿಂದ ಬೆತ್ತದ ಪೆಟ್ಟಿಗೆಯಲ್ಲಿ ಹೊರಟ ಕೂಸು ಅರ್ಧ ಶತಮಾನದ ಮೇಲೆ ಕನ್ನಡನಾಡಿಗೆ ಒಂದು ಶಾಲೆಯನ್ನು ಮರಳಿ ಕೊಟ್ಟಿತೆಂದು ನಾವು ಸಂತೋಷಪಡಬಹುದು.

ಕೊನೆಯ ಹದಿನೆಂಟು ವರ್ಷಗಳಷ್ಟು ಕಾಲವನ್ನು ರಮಾಬಾಯಿಯವರು ಸತ್ಯವೇದದ ಭಾಷಾಂತರಕ್ಕೆ ಮೀಸಲಾಗಿಟ್ಟರು. ಆಗ ಇದ್ದ ಮರಾಠಿ ಅನುವಾದವು ಬಡ ಹೆಂಗಸರಿಗೆ ಅರ್ಥವಾಗದಷ್ಟು ಬಿಗಿಯಾಗಿತ್ತೆಂಬುದು ಅವರ ಅಭಿಪ್ರಾಯ. ಸಂಸ್ಕೃತ ಪಂಡಿತೆಯಾದವರು ಇಳಿವಯಸ್ಸಿನಲ್ಲಿ ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ತಮಗೆ ಕರಗತವಾಗಿದ್ದ ದೊಡ್ಡ ದೊಡ್ಡ ಶಬ್ದಗಳನ್ನು ಬೇಕೆಂದೇ ಬಿಟ್ಟು, ಹಳ್ಳಿಯ ಹೆಣ್ಣಿಗೆ ತಿಳಿಯುವ ಮರಾಠಿಯಲ್ಲಿ ಬರೆದರು. ಪಾಂಡಿತ್ಯದ ಇಷ್ಟು ದೊಡ್ಡ ತ್ಯಾಗವನ್ನು ನಾವು ಬೇರೆ ಕಡೆ ಅಪರೂಪವಾಗಿ ಕಂಡಿದ್ದೇವೆ. 1919ರಲ್ಲಿ ಸರಕಾರವು ಅವರಿಗೆ ಕೈಸರ್-ಎ-ಹಿಂದ್ ಪದಕವನ್ನು ಕೊಟ್ಟಿತು. 1921ರ ಜುಲೈಯಲ್ಲಿ ಮನೋರಮೆಯು ತಾಯಿಗಿಂತ ಮೊದಲೇ ತೀರಿಹೋದಳು. ಮಗಳ ಮರಣದ ದುಃಖವನ್ನು ಮನಸ್ಸಿನಲ್ಲಿ ಅಡಗಿಸಿಕೊಂಡು ಅವರು ಅಚ್ಚಿನ ಕರಡುಗಳನ್ನು ತಿದ್ದುತ್ತಾ ಹೋದರು. ಆ ಕೆಲಸವು ಮುಗಿದ ಸ್ವಲ್ಪದರಲ್ಲಿ, 1922ರ ಏಪ್ರಿಲ್ 5ರಂದು, ಅವರು ನಿದ್ರೆಯಲ್ಲಿಯೇ ಇಹಲೋಕವನ್ನು ಬಿಟ್ಟರು. ಪೂರ್ಣ ಗ್ರಂಥವು 1924ರಲ್ಲಿ ಹೊರಬಂತು. 1989ರಲ್ಲಿ ಭಾರತ ಸರಕಾರವು ಅವರ ಚಿತ್ರವಿರುವ ಅಂಚೆಚೀಟಿಯನ್ನು ಪ್ರಕಟಿಸಿತು. ಕೇಡಗಾಂವಿನ ಮುಕ್ತಿಯಲ್ಲಿ ಇಂದಿಗೂ ಅನಾಥ ಹೆಣ್ಣುಮಕ್ಕಳು ಬೆಳೆಯುತ್ತಿದ್ದಾರೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಓದಿದ ಮಗಳು ಹೆತ್ತವರ ಮಾತಿಗೆ ನಿಲ್ಲುವಳೇ? ಅನಂತಶಾಸ್ತ್ರಿಗಳು ಮಗಳಿಗೆ ವಿದ್ಯೆಯನ್ನು ಕೊಟ್ಟಾಗ ಆಕೆಯು ತಮ್ಮ ಧರ್ಮದಲ್ಲಿಯೇ ದೃಢವಾಗಿ ನಿಲ್ಲುವಳೆಂದು ನಂಬಿದ್ದರು. ಅವರು ಬದುಕಿದ್ದರೆ ಆಕೆಯ ವಿವಾಹವನ್ನೂ ದೀಕ್ಷೆಯನ್ನೂ ಕಂಡು ಎದೆಯೊಡೆದುಕೊಳ್ಳುತ್ತಿದ್ದರೋ ಏನೋ. ವಾಂಟೇಜಿನ ಸಹೋದರಿಯರೂ ತಾವು ಕಲಿಸಿದ ಶಿಷ್ಯೆಯು ತಮ್ಮ ಸಭೆಯ ಮಾತಿಗೆ ತಲೆಬಾಗುವಳೆಂದು ನಂಬಿ ನಿರಾಶರಾದರು. ಪುಣೆಯ ಸುಧಾರಕರೂ ಹಾಗೆಯೇ. ಯಾರ ಎಣಿಕೆಯಂತೆಯೂ ಆಕೆಯು ನಡೆಯಲಿಲ್ಲ. ವಿದ್ಯೆಯನ್ನು ಕೊಟ್ಟ ಮೇಲೆ ವಿವೇಚನೆಯನ್ನು ಕೈಯಲ್ಲಿ ಹಿಡಿದುಕೊಳ್ಳಲಾಗುವುದಿಲ್ಲ. ಅದು ವಿದ್ಯೆಯ ಜೊತೆಗೇ ಹೋಗುತ್ತದೆ.

ಆದರೆ ಇನ್ನೊಂದು ಕಡೆಯಿಂದಲೂ ನೋಡೋಣ. ತಂದೆಯು ಊರಿನ ಮಾತನ್ನು ಲೆಕ್ಕಿಸದೆ ಹೆಂಡತಿಗೆ ಕಲಿಸಿದ್ದನು. ಮಗಳು ಲೋಕದ ಮಾತನ್ನು ಲೆಕ್ಕಿಸದೆ ಸಾವಿರಾರು ಮಂದಿಗೆ ಕಲಿಸಿದಳು. ಬರಗಾಲದಲ್ಲಿಯೂ ತಾಯಿಯು ಅತಿಥಿಗೆ ಅನ್ನವಿಕ್ಕಿದ್ದಳು. ಮಗಳು ಬರಗಾಲದವರನ್ನು ಹುಡುಕಿಕೊಂಡು ಹೋಗಿ ಅನ್ನವಿಕ್ಕಿದಳು. ಹೀಗಿರುವಾಗ ಮಗಳು ಹೆತ್ತವರ ದಾರಿಯನ್ನು ಬಿಟ್ಟಳೆಂದು ಹೇಳುವುದು ಹೇಗೆ?

ಈ ಶಾಲೆಯಲ್ಲಿ ಓದಿ ಹೋದ ನಮ್ಮ ಸಹೋದರಿಯರಲ್ಲಿ ಹಲವರು ಇಂದು ತಾಯಂದಿರಾಗಿದ್ದಾರೆ. ಕೆಲವರು ಅಜ್ಜಿಯರೂ ಆಗಿದ್ದಾರೆ. ಮನೆಗೆಲಸ, ಉದ್ಯೋಗ, ನೂರು ತಾಪತ್ರಯಗಳ ನಡುವೆ ಮಗಳ ಪಾಠಕ್ಕೆ ಬಿಡುವಿಲ್ಲವೆಂದು ಬೇಸರಪಡುವ ದಿನ ಅವರಿಗೂ ಬರುತ್ತದೆ. ಅಂಥ ದಿನ, ದಾರಿಯ ಬದಿಯ ಗುಡಿಯ ಜಗಲಿಯಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ನಿದ್ದೆಗಣ್ಣಿನ ಮಗುವನ್ನು ಮಡಿಲಿಗೆ ಎತ್ತಿಕೊಂಡು ಮೊದಲನೆಯ ಶ್ಲೋಕವನ್ನು ಹೇಳಿಕೊಡುತ್ತಿದ್ದ ಲಕ್ಷ್ಮೀಬಾಯಿಯನ್ನು ಅವರು ಜ್ಞಾಪಿಸಿಕೊಳ್ಳಲಿ ಎಂದು ನಾವು ಬೇಡಿಕೊಳ್ಳುತ್ತೇವೆ. ಆ ಮಗುವು ಮುಂದೆ ಏನಾಗುವುದೆಂದು ಆ ತಾಯಿಗೂ ತಿಳಿದಿರಲಿಲ್ಲ.